ನೀರು ಗಡ್ಡೆಯಾಗುವ ನಾಡಿನಲ್ಲಿ ನಲ್ಲಿಯ ನಿಯಮ



ನಮ್ಮ ಸಾಸಲು ಸೀಮೆಯಲ್ಲಿ ಮಾಗಿಯ ಚಳಿಯೆಂದರೆ ಮುಂಜಾನೆಯ ಮಂಜು, ಹಂಡೆಯ ಬಿಸಿನೀರು, ಹೆಗಲ ಮೇಲೊಂದು ಕಂಬಳಿ. ಸಮೀಪದ ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟುವುದು ಶೂನ್ಯ ಡಿಗ್ರಿಯಲ್ಲಿ. ಆದಕಾರಣ ಚಳಿಗೆ ಪೈಪು ಒಡೆಯುವ ಸಂಗತಿ ನಮ್ಮ ಹಿರಿಯರ ಅನುಭವಕ್ಕೆ ಬಂದುದಲ್ಲ. ಆದರೆ ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಅಮೆರಿಕ, ಕೆನಡಾಗಳಲ್ಲಿ ಸಂಸಾರ ಹೂಡಿದ್ದಾರೆ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ತಂದೆತಾಯಿಗಳು ಅಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಅಂಥವರು ಇದನ್ನು ಅರಿತಿರುವುದು ಅವಶ್ಯ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಆದರೆ ಗಡ್ಡೆ ಕಟ್ಟಿದ ಸ್ಥಳದಲ್ಲಿಯೇ ಪೈಪು ಸೀಳುವುದೆಂದು ತಿಳಿಯಬಾರದು. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೊರದಾರಿಯಿಲ್ಲದೆ ಒತ್ತಡ ಏರುತ್ತದೆ; ಎಲ್ಲಿ ದುರ್ಬಲವೋ ಅಲ್ಲಿ ಪೈಪು ಬಿರಿಯುತ್ತದೆ. ಗಡ್ಡೆ ಕರಗಿದೊಡನೆ ನೀರು ಮನೆಗೆ ನುಗ್ಗುತ್ತದೆ.

2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಇದೇ ನಡೆಯಿತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಕನ್ನಡ ಕುಟುಂಬಗಳು ಬಹಳ. ಅದು ಬಿಸಿಲಿನ ನಾಡು. ಅಲ್ಲಿನ ಎಷ್ಟೋ ಮನೆಗಳಲ್ಲಿ ಪೈಪುಗಳು ಅಟ್ಟದಲ್ಲಿಯೂ ಹೊರಗೋಡೆಗಳಲ್ಲಿಯೂ ಹಾದುಹೋಗಿವೆ. ಆ ತಿಂಗಳ 16ರಂದು ಡಲ್ಲಾಸಿನ ಉಷ್ಣಾಂಶ ಶೂನ್ಯಕ್ಕಿಂತ ಸುಮಾರು 19 ಡಿಗ್ರಿ ಕೆಳಗಿಳಿಯಿತು. ಲಕ್ಷಾಂತರ ಮನೆಗಳಿಗೆ ವಿದ್ಯುತ್ತು ನಿಂತು, ಪೈಪುಗಳು ಒಡೆದು, ಛಾವಣಿಗಳಿಂದ ನೀರು ಸುರಿಯಿತು. ಆ ಚಳಿಯ ಅನಾಹುತಗಳಲ್ಲಿ 246 ಮಂದಿ ಮಡಿದರೆಂದು ಆ ರಾಜ್ಯವೇ ಲೆಕ್ಕ ಕೊಟ್ಟಿತು.

ಇಲ್ಲಿ ನಮ್ಮವರು ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಕೊಳವೆಬಾವಿಗಳು ಪಾತಾಳಕ್ಕಿಳಿದಿರುವ ದೊಡ್ಡಬಳ್ಳಾಪುರ ಸೀಮೆಯಿಂದ ಹೋದವರಿಗೆ ತೊಟ್ಟಿಕ್ಕುವ ನಲ್ಲಿಯನ್ನು ಕಂಡು ಸುಮ್ಮನಿರಲಾಗದು. ಮಗನೋ ಸೊಸೆಯೋ ರಾತ್ರಿ ನಲ್ಲಿಯನ್ನು ಎಳೆಯಷ್ಟು ಸಡಿಲಿಸಿ ಮಲಗಿದರೆ, ತಂದೆ ನಡುರಾತ್ರಿ ಎದ್ದು ಅದನ್ನು ಬಿಗಿದುಬಿಡುತ್ತಾರೆ. ಉದ್ದೇಶ ಶುದ್ಧ; ಆದರೆ ನೀರಿಗಿದ್ದ ದಾರಿ ಮುಚ್ಚಿತು. ಹರಿವ ನೀರು ಬೇಗ ಹೆಪ್ಪುಗಟ್ಟದು. ಗಟ್ಟಿದರೂ ತೆರೆದ ನಲ್ಲಿ ಒತ್ತಡವನ್ನು ಇಳಿಸುತ್ತದೆ. ಕೆಳಗೊಂದು ಬಕೆಟ್ಟಿಟ್ಟರೆ ಮನೆಯೂ ಉಳಿಯುವುದು, ನೀರೂ ಉಳಿಯುವುದು.

ಇನ್ನುಳಿದ ಎಚ್ಚರಿಕೆಗಳು ಇವು. ಸಿಂಕಿನ ಕೆಳಗಿನ ಕಪಾಟನ್ನು ತೆರೆದಿಟ್ಟು ಮನೆಯ ಬಿಸಿಗಾಳಿ ಪೈಪಿಗೆ ತಾಗುವಂತೆ ಮಾಡಬೇಕು. ಅಲ್ಲಿರುವ ವಿಷಪದಾರ್ಥಗಳನ್ನು ಮಕ್ಕಳ ಕೈಗೆ ಸಿಗದಂತೆ ಮೊದಲೇ ತೆಗೆದಿಡಬೇಕು. ತೋಟದ ರಬ್ಬರ್ ಪೈಪನ್ನು ಚಳಿಗಾಲಕ್ಕೆ ಮುನ್ನವೇ ಕಳಚಬೇಕು. ತೆರೆದ ಪೈಪುಗಳಿಗೆ ಶಾಖರಕ್ಷಕ ಹೊದಿಕೆ ಸುತ್ತಬೇಕು. ನೀರು ಕಟ್ಟಿತೆಂದರೆ ನಲ್ಲಿಯನ್ನು ತೆರೆದು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದಲೋ ಕೂದಲು ಒಣಗಿಸುವ ಯಂತ್ರದಿಂದಲೋ ನಲ್ಲಿಯ ಕಡೆಯಿಂದ ಹಿಂದಕ್ಕೆ ಮೆಲ್ಲಗೆ ಕಾಯಿಸಬೇಕು; ಬೆಂಕಿಯನ್ನಂತೂ ಹಿಡಿಯಲೇಬಾರದು. ಪೈಪು ಒಡೆದರೆ ಮೊದಲ ಕೆಲಸ ಮುಖ್ಯ ವಾಲ್ವನ್ನು ಮುಚ್ಚುವುದು. ಅದು ಎಲ್ಲಿದೆಯೆಂಬುದನ್ನು ಹೋದ ದಿನವೇ ಕೇಳಿ ತಿಳಿದಿರಬೇಕು.

ಡಿಸೆಂಬರ್ ರಜೆಗೆ, ಸಂಕ್ರಾಂತಿಗೆ ಮಕ್ಕಳು ಊರಿಗೆ ಬರುವಾಗ ಆ ಮನೆ ವಾರಗಟ್ಟಲೆ ಬೀಗದಲ್ಲಿರುತ್ತದೆ. ಹೊರಡುವಾಗ ಎಲ್ಲವನ್ನೂ ಆರಿಸುವುದು ನಮ್ಮಲ್ಲಿ ಜಾಣತನ; ಅಲ್ಲಿ ಅದೇ ಅಪಾಯ. ಮನೆಯ ಶಾಖವನ್ನು 13 ಡಿಗ್ರಿಗಿಂತ ಇಳಿಸದೆ, ಮುಖ್ಯ ವಾಲ್ವನ್ನು ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪುಗಳಲ್ಲಿದ್ದ ನೀರನ್ನು ಬಸಿದು ಹೊರಡಲಿ; ನೆರೆಯವರೊಬ್ಬರಿಗೆ ಬೀಗದ ಕೈ ಕೊಟ್ಟಿರಲಿ. ಈ ಬಾರಿ ಫೋನಿನಲ್ಲಿ ಮಾತನಾಡುವಾಗ "ಯಾವಾಗ ಬರುತ್ತೀರಿ?" ಎಂದು ಕೇಳಿದೊಡನೆ ಇದನ್ನೂ ಒಂದು ಮಾತು ಕೇಳಿರಿ.