ಹಳೇ ಬೆಂಜೋ, ಹಳೇ ಫಾರ್ಚುನರೋ

ಇತ್ತೀಚೆಗೆ ನಮ್ಮ ಬಸವನಗುಡಿ ಕಡೆ ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದ್ರೂ ಗಂಡಸರು ಹಾಲಲ್ಲಿ ಇದೊಂದೇ ಮಾತು. "ಅದೇ ದುಡ್ಡಿಗೆ ಬೆಂಜ್ ಸಿಗತ್ತೆ ಕಣ್ರೀ, ಯಾಕೆ ಆ ಲಾರಿ ಥರದ ಗಾಡಿ?" ಸೆಕೆಂಡ್ ಹ್ಯಾಂಡ್ ಪೇಟೇಲಿ ಫಾರ್ಚುನರ್‌ಗೂ, ಅದಕ್ಕಿಂತ ಸ್ವಲ್ಪ ಹಳೇ ಇ-ಕ್ಲಾಸ್ ಬೆಂಜ್‌ಗೂ ಬೆಲೆ ಹತ್ತಿರ ಹತ್ತಿರ. ಎಷ್ಟೋ ಸಲ ಬೆಂಜೇ ಅಗ್ಗ.

ಅಗ್ಗ ಯಾಕೆ ಅಂತ ಮಾತ್ರ ಯಾರೂ ಕೇಳಲ್ಲ. 2013ರಲ್ಲಿ ಆ ಇ-ಕ್ಲಾಸ್ ಹೊಸದಾಗಿ ಬಂದಾಗ 40 ಲಕ್ಷ ದಾಟಿತ್ತು. ಈಗ ಗಾಡಿ ಬೆಲೆ ಇಳಿದಿದೆ ನಿಜ, ಆದ್ರೆ ಅದರ ಹೆಡ್‌ಲೈಟು, ಸಸ್ಪೆನ್ಷನ್ನು, ಸೆನ್ಸರ್ರು ಇವೆಲ್ಲ ಇವತ್ತಿಗೂ 40 ಲಕ್ಷದ ಗಾಡಿಯವೇ. ಆನೆ ಪುಕ್ಸಟ್ಟೆ ಕೊಟ್ರು ಅಂತ ಮನೆಗೆ ಹೊಡ್ಕೊಂಡು ಬಂದ್ರೆ ದಿನಾ ಕಬ್ಬು ತರೋರು ಯಾರು? ರಿಟೈರ್ ಆದೋರ ಪಿ.ಎಫ್. ದುಡ್ಡಲ್ಲಿ ಇಂಥ ಆನೆ ಸಾಕಕ್ಕಾಗಲ್ಲ. ನಮ್ಮ ರಸ್ತೇಲೇ ಒಂದು ನಿಂತಿದೆ, ಹೊದಿಕೆ ಹೊದ್ಕೊಂಡು, ಮೇಲೆ ಹೊಂಗೆ ಹೂವು ಉದುರಿಸ್ಕೊಂಡು. ಬ್ಯಾಟರಿ ಸತ್ತು ಎಷ್ಟು ದಿನ ಆಯ್ತೋ!

ಫಾರ್ಚುನರ್ ರಿಪೇರಿ ಪುಕ್ಸಟ್ಟೆ ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ಅದಕ್ಕೂ ಇನ್ನೋವಾ ಕ್ರಿಸ್ಟಾಗೂ ಇಂಜಿನ್ನು ಒಂದೇ ಮನೆತನದ್ದು. ಊರಲ್ಲಿರೋ ಟ್ಯಾಕ್ಸಿ ಮೆಕ್ಯಾನಿಕ್ಕುಗಳಿಗೆಲ್ಲ ಅದರ ಕೈಗುಣ ಗೊತ್ತು, ಜೆ.ಸಿ. ರಸ್ತೆಗೆ ಹೋದ್ರೆ ಸಾಮಾನು ಸಿಗತ್ತೆ.

ಇನ್ನು ಬೆಂಜ್ ಪಕ್ಷದವರ ದೊಡ್ಡ ವಾದ: "ನಮ್ಮ ಸಣ್ಣ ರಸ್ತೆಗೆ ಆ ದೈತ್ಯ ಹಿಡಿಸಲ್ಲ." ಬ್ಲೌಸ್ ಹೊಲಿಯೋ ಟೇಪ್ ಹಿಡಿದು ಅಳೀರಿ ನೋಡೋಣ! ಫಾರ್ಚುನರ್ ಉದ್ದ 4795 ಮಿ.ಮೀ., ಅಗಲ 1855. ಆ ಇ-ಕ್ಲಾಸ್ ಉದ್ದ 4870ರ ಆಸುಪಾಸು, ಅಗಲ 1854. ಅಂದ್ರೆ ಬೆಂಜೇ ಉದ್ದ! ಎತ್ತರ ನೋಡಿ ಅಗಲ ಊಹಿಸ್ತಾರೆ, ಅಷ್ಟೆ. 1898ರ ಪ್ಲೇಗ್ ಆದ್ಮೇಲೆ ಬಸವನಗುಡಿ, ಮಲ್ಲೇಶ್ವರ ಕಟ್ಟಿದಾಗ ಜಟಕಾ ಗಾಡಿ ಮನಸ್ಸಲ್ಲಿಟ್ಕೊಂಡಿದ್ರು, ಎರಡರಲ್ಲಿ ಯಾವುದನ್ನೂ ಅಲ್ಲ. ಹಳೇ ಮನೆ ಗೇಟಿಗೆ ಎರಡೂ ಒಂದೇ ತಲೆನೋವು. ಗೇಟೊಳಗೆ ಹೋಗದೇ ಫುಟ್‌ಪಾತ್ ಮೇಲೆ ನಿಲ್ಲಿಸೋ ಹಾಗಿದ್ರೆ ದಯವಿಟ್ಟು ಎರಡೂ ಬೇಡ, ಮುದುಕರು ನಡೆಯೋದೆಲ್ಲಿ?

ನನ್ನ ಮುಖ್ಯ ಮಾತು ಮಂಡಿದು. ಎತ್ತರದ ಗಾಡಿ ಹತ್ತಕ್ಕಾಗಲ್ಲ ಅಂತಾರೆ. ನಮ್ಮತ್ತೆಗೆ ಹತ್ತೋದಕ್ಕಿಂತ ಏಳೋದೇ ಕಷ್ಟ. ತಗ್ಗಿನ ಸೀಟಲ್ಲಿ ಕೂತ್ರೆ ನೆಲದ ಮೇಲೆ ಕೂತ ಹಾಗೆ, ಎಬ್ಬಿಸಕ್ಕೆ ಇಬ್ಬರು ಬೇಕು. ಎತ್ತರದ ಗಾಡಿಗೆ ಒಂದು ಕಾಲ್ಮಣೆ ಇಟ್ರೆ ಹಿಡಿ ಹಿಡ್ಕೊಂಡು ತಾವೇ ಹತ್ತಿ, ತಾವೇ ಇಳೀತಾರೆ. ಎಂಬತ್ತು ದಾಟಿದೋರಿಗೆ ಆ "ತಾವೇ" ಅನ್ನೋದು ಎಷ್ಟು ದೊಡ್ಡದು ಅಂತ ಮೈಲೇಜ್ ಲೆಕ್ಕ ಹಾಕೋರಿಗೆ ತಿಳಿಯಲ್ಲ.

ಹಾಗಂತ ಎತ್ತರದ ಗಾಡಿ ಇದೆ ಅಂತ ಮಳೇಲಿ ಅಂಡರ್‌ಪಾಸ್‌ಗೆ ಇಳಿಸಬೇಡಿ. 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್ ನೀರಲ್ಲಿ ಕಾರು ಮುಳುಗಿ ಚಿಕ್ಕ ವಯಸ್ಸಿನ ಹುಡುಗಿ ಒಬ್ಬಳ ಜೀವ ಹೋಯ್ತು.

ವಯಸ್ಸೂ ನೋಡಿ. 15 ವರ್ಷ ಆದ್ಮೇಲೆ ಫಿಟ್‌ನೆಸ್ಸು, ಗ್ರೀನ್ ಟ್ಯಾಕ್ಸು, ಮತ್ತೆ ರಿಜಿಸ್ಟ್ರೇಷನ್ನು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕವೇ 5000 ರೂಪಾಯಿ ಮಾಡಿದ್ರು. 2012ರ ಬೆಂಜ್ ತಗೊಂಡ್ರೆ 2027ಕ್ಕೆ ಆರ್‌ಟಿಓ ಬಾಗಿಲು ಕಾಯಿ.

ಫಾರ್ಚುನರ್ ತಗೊಳೋದಾದ್ರೂ ಮೀಟರ್ ನಂಬಬೇಡಿ, ಸರ್ವಿಸ್ ಪುಸ್ತಕ ಕೇಳಿ. ಸೀಟ್ ಬೆಲ್ಟ್ ಕೊನೇವರೆಗೂ ಎಳೆದು ನೋಡಿ. ಒಳಗಿನ ಅಂಚಲ್ಲಿ ಕೆಸರಿನ ಕಲೆ, ಮುಗ್ಗುಲು ವಾಸನೆ ಇದ್ರೆ ಆ ಗಾಡಿ ನೀರಲ್ಲಿ ಮುಳುಗಿ ಎದ್ದಿದ್ದು. ಬೆಲೆ ಎಷ್ಟೇ ಇಳಿಸಲಿ, ಚಪ್ಪಲಿ ಹಾಕ್ಕೊಂಡು ಬಂದುಬಿಡಿ.