ದಡದ ಮೇಲೆ ಒಂದು ಹಗಲು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಹೇಗೆ ಸುತ್ತಬೇಕು, ಯಾರೊಡನೆ ಸುತ್ತಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಹಡಗಿನ ಪ್ರವಾಸದಲ್ಲಿ ದಡಕ್ಕಿಳಿಯಲು ದೊರೆಯುವ ಹಗಲನ್ನು ಜೊತೆಗಿರುವ ತಾಯಿಯ ಅಥವಾ ತಂದೆಯ ನಡಿಗೆಗೆ ಒಪ್ಪಿಸಿಬಿಡಬೇಕೆಂಬುದು ನನ್ನ ಅಭಿಪ್ರಾಯ. ಇದು ಬರಿಯ ವಿಧೇಯತೆಯ ಮಾತಲ್ಲ. ಹಾಗೆ ಮಾಡಿದರೆ ಕಾಣುವುದೇ ಹೆಚ್ಚು.

ಲಕ್ಷದ್ವೀಪದ ಪ್ರವಾಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಾಯಿಯವರೊಡನೆ ನಾನು ಕೊಚ್ಚಿಯಲ್ಲಿ ಹಡಗು ಹತ್ತಿದ್ದೆ. ರಾತ್ರಿ ಹಡಗಿನಲ್ಲಿ, ಹಗಲು ದ್ವೀಪದಲ್ಲಿ. ಇದು ಅಲ್ಲಿನ ಕ್ರಮ. ಕವರತ್ತಿಯ ಬಳಿ ಹಡಗು ಹೊರಗಡಲಿನಲ್ಲೇ ನಿಂತಿತು. ಅಲ್ಲಿಂದ ತೂಗಾಡುವ ದೋಣಿಗೆ ಕಾಲಿಡುವುದು ಅರುವತ್ತು ದಾಟಿದವರಿಗೆ ಸುಲಭವೇ? ದೋಣಿಯವರು ಅಲೆ ಮೇಲೇರುವ ಕ್ಷಣಕ್ಕಾಗಿ ಕಾದು, ತಾಯಿಯ ಎರಡೂ ಕೈ ಹಿಡಿದು ಇಳಿಸಿಕೊಂಡರು.

ಸಂಗಡಿಗರೆಲ್ಲ ಗಾಜಿನ ತಳದ ದೋಣಿಯತ್ತ ಓಡಿದರು. ತಾಯಿಯವರು ತೆಂಗಿನ ನೆರಳಿನಲ್ಲಿ ಕುಳಿತು, ಅಲ್ಲಿದ್ದ ಹೆಂಗಸೊಬ್ಬರನ್ನು ತಮಗೆ ಬರುವ ಅಲ್ಪಸ್ವಲ್ಪ ಮಲಯಾಳದಲ್ಲಿ ಕೇಳಿದ ಮೊದಲ ಪ್ರಶ್ನೆ ಇದು: "ಕುಡಿಯುವ ನೀರು ಎಲ್ಲಿಂದ ತರುತ್ತೀರಿ?" ಆಯುಷ್ಯವಿಡೀ ಬಾವಿಯಿಂದ ನೀರು ಸೇದಿದವರಿಗಲ್ಲದೆ ಈ ಪ್ರಶ್ನೆ ಹೊಳೆಯುವುದಿಲ್ಲ. ಭೂಗೋಳ ಓದಿದ ನನಗೆ ಹೊಳೆದಿರಲಿಲ್ಲ.

ದ್ವೀಪದಲ್ಲಿ ಹೊಳೆಯಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಭಾರವಾದ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಮಿತಿಮೀರಿ ಸೇದಿದರೆ ಬಾವಿಗೆ ಉಪ್ಪು ಏರುತ್ತದೆ. 2011ರ ಜನಗಣತಿಯಲ್ಲಿ ಕವರತ್ತಿಯ ಜನಸಂಖ್ಯೆ ಸುಮಾರು 11 ಸಾವಿರ. ನೆಲವೋ ಸುಮಾರು 4 ಚದರ ಕಿಲೋಮೀಟರು. ಆದುದರಿಂದಲೇ 2005ರಲ್ಲಿ ಅಲ್ಲಿ ಕಡಲನೀರನ್ನು ಸಿಹಿಗೊಳಿಸುವ ಸ್ಥಾವರವೊಂದು ಆರಂಭವಾಯಿತು. ಮೇಲ್ಮೈಯ ಬೆಚ್ಚಗಿನ ನೀರನ್ನು ಕಡಮೆ ಒತ್ತಡದಲ್ಲಿ ಆವಿಯಾಗಿಸಿ, ಸುಮಾರು 350 ಮೀಟರು ಆಳದಿಂದೆತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪುಗೊಳಿಸುವುದು ಅದರ ವಿಧಾನ. ದಿನಕ್ಕೆ 1 ಲಕ್ಷ ಲೀಟರು ನೀರು ಕೊಡುವಂತೆ ಅದನ್ನು ಕಟ್ಟಲಾಯಿತು. ಇದನ್ನು ತಿಳಿದ ಮೇಲೆ, ಸ್ನಾನದ ಕೊಳಾಯಿಯನ್ನು ತೆರೆದಿಟ್ಟು ಹಾಡುವ ಅತಿಥಿಯನ್ನು ಮೆಚ್ಚಲು ಸಾಧ್ಯವೆ?

ಈ ದ್ವೀಪಗಳು ನಮಗೆ ತೀರ ಪರಕೀಯವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ನಂಟರ ಮನೆಗೆ ಹೋದವರು ಮೊದಲು ಕ್ಷೇಮ ಕೇಳುವುದು ನಮ್ಮ ಪದ್ಧತಿ. ತಾಯಿಯವರು ಮಾಡಿದ್ದೂ ಅಷ್ಟೇ.

ಹಾಗಾದರೆ ಯೌವನದಲ್ಲಿ ಈಜಬಾರದೆ, ಹವಳ ನೋಡಬಾರದೆ ಎಂದು ಮಿತ್ರರು ಕೇಳಬಹುದು. ಅಗತ್ಯವಾಗಿ ಈಜಲಿ. ಆದರೆ ನೋಡಿದ ಸ್ಥಳಗಳ ಪಟ್ಟಿ ಉದ್ದವಾದಷ್ಟೂ ನೋಟ ಆಳವಾಗುವುದೆಂಬ ಭ್ರಮೆ ಬೇಡ. ಹಿರಿಯರು ನಿಧಾನವಾಗಿ ನಡೆಯುತ್ತಾರೆ, ನಿಂತು ಮಾತನಾಡುತ್ತಾರೆ, ಅಡುಗೆಮನೆಯ ಕಡೆ ಕಣ್ಣು ಹಾಯಿಸುತ್ತಾರೆ. ಒಂದು ಊರಿನ ಬದುಕು ತಿಳಿಯುವುದು ಹಾಗೆಯೇ.

ರಜೆಯಲ್ಲಿ ಪ್ರವಾಸ ಹೊರಡುವ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ಅನುಕೂಲವಿದ್ದರೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿರಿ. ಹೋದ ಮೇಲೆ ಅವರನ್ನು ಅವಸರಪಡಿಸಬೇಡಿರಿ. ದ್ವೀಪವನ್ನು ನಾವು ಇನ್ನೊಮ್ಮೆ ನೋಡಬಹುದು. ಅವರೊಡನೆ ನೋಡುವ ಹಗಲುಗಳು ಎಣಿಕೆಯವು.