ಕೆರೆಯೋ, ಕೇರೆಯೋ?

ಬೆಂಗಳೂರಿನ ಪೂರ್ವಕ್ಕಿರುವ ದೊಡ್ಡನೆಕ್ಕುಂದಿಗೊಂದು ಕೆರೆಯುಂಟು. ಉತ್ತರದಿಂದ ಬಂದು ನೆಲೆಸಿದ ಮನೆಗಳ ಎಳೆಯರು ಅದನ್ನು ‘ಕೇರೆ’ ಎಂದುಬಿಟ್ಟರೆ ನೀರು ಹೋಗಿ ಹಾವಾಗುತ್ತದೆ! ನಕ್ಕು ನಾಚಿಸುವುದು ತರವಲ್ಲ. ಹಿಂದಿಯ ವರ್ಣಮಾಲೆಯಲ್ಲಿ ಹ್ರಸ್ವವಾದ ಎ, ಒ ಅಕ್ಷರಗಳೇ ಇಲ್ಲ. ತಮಿಳು, ತೆಲುಗು ಮನೆಮಾತಿನ ಮಕ್ಕಳಿಗೆ ಈ ತೊಡಕಿಲ್ಲ. ನಮ್ಮ ಹಳೆಯ ಶಾಸನಗಳ ಲಿಪಿಯೂ ಸಾಮಾನ್ಯವಾಗಿ ಈ ಭೇದವನ್ನು ತೋರುತ್ತಿರಲಿಲ್ಲ. ಓದುವವನ ಕಿವಿಯೇ ತೀರ್ಮಾನಿಸಬೇಕಾಗಿತ್ತು.

ತರಗತಿಯ ಗೋಡೆಯ ಪಟದಲ್ಲಿ ‘ಎ’ಗೆ ಎಲೆ, ‘ಏ’ಗೆ ಏಣಿ. ಚಿತ್ರವೇನೋ ಚೆಂದವೇ. ಆದರೆ ಎಲೆಯನ್ನು ಕಂಡ ಮಗು ‘ಪತ್ತಾ’ ಎಂದರೆ ಪಟ ಮೂಕವಾಗುತ್ತದೆ. ಕೆರೆ–ಕೇರೆ, ಕೊಳ–ಕೋಳ ಎಂದು ಜೋಡಿಚಿತ್ರ ಬರೆದು, ಮೊದಲಕ್ಷರ ಹ್ರಸ್ವವಾದರೆ ಒಂದು ಚಪ್ಪಾಳೆ, ದೀರ್ಘವಾದರೆ ಎರಡು ಹೊಡೆಯಿಸಬೇಕು. ಮಾತ್ರೆಯ ಲೆಕ್ಕವೂ ಅದೇ ತಾನೆ? ಹಾವಿನ ಚಿತ್ರ ತುಸು ದೊಡ್ಡದೇ ಇರಲಿ. ಮಕ್ಕಳು ಮೊದಲು ಕೇಳುವುದು ಅದನ್ನೇ.